ಹೊಗಳಿದರೆ ಜ್ವರ ಬರುತ್ತದೆ

ನನ್ನ ಫೋನು ಮೊನ್ನೆಯಿಂದ ಮುನಿಸಿಕೊಂಡಿದೆ. ಜಾಗವಿಲ್ಲ, ಏನಾದರೂ ಅಳಿಸು ಎಂದು ಗಂಟೆಗೊಮ್ಮೆ ಹೇಳುತ್ತಿದೆ. ಮನೆಯವರ ಮಾತನ್ನೇ ಕೇಳದ ನಾನು ಫೋನಿನ ಮಾತು ಕೇಳುವವನಲ್ಲ. ಆದರೆ ನಿನ್ನೆ ಅಂಗಡಿಗೆ ಬಂದ ಒಬ್ಬರು ಪಹಣಿಯ ಫೋಟೋ ಕಳಿಸಿ ಜೆರಾಕ್ಸ್ ತೆಗೆದುಕೊಡಿ ಎಂದಾಗ ಅದೂ ಇಳಿಯದೆ ಸುತ್ತುತ್ತ ಕೂತಿತು. ಬೇರೆ ದಾರಿ ಕಾಣದೆ ಅಳಿಸಲು ಕೂತೆ. ಶುಭೋದಯದ ಗುಲಾಬಿಗಳು ನೂರಾರು, ಯಾರದೋ ಮನೆಯ ಗೃಹಪ್ರವೇಶದ ಕಾರ್ಡು, ಕಳೆದುಹೋದ ಎಮ್ಮೆಯ ಫೋಟೋ, ಸಿಕ್ಕಿದ ಎಮ್ಮೆಯ ಫೋಟೋ. ಇವುಗಳ ನಡುವೆ ಹದಿನಾಲ್ಕು ಸೆಕೆಂಡಿನ ಒಂದು ವಿಡಿಯೋ. ಬೆರಳು ಅಲ್ಲೇ ನಿಂತಿತು. ಗ್ರೂಪಿನಿಂದ ಇದನ್ನು ನಾನೇ ಎಂದೋ ಅಳಿಸಿದ್ದೆ, ಫೋನಿನ ಹೊಟ್ಟೆಯಲ್ಲಿ ಮಾತ್ರ ಉಳಿದುಕೊಂಡಿತ್ತು. ಯಾಕೆ ಅಳಿಸಿದ್ದೆ ಎನ್ನುವುದನ್ನೇ ಹೇಳಲು ಹೊರಟಿದ್ದೇನೆ, ಸ್ವಲ್ಪ ಸುತ್ತಿ ಬರುತ್ತೇನೆ, ನೀವು ಸಹಿಸಿಕೊಳ್ಳಬೇಕು.

ಹಗಲು ನಾನು ಮಧುಗಿರಿ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಸಂಜೆ ಐದಕ್ಕೆ ಷಟರ್ ಎಳೆದು ಬಿಳಿ ಬಟ್ಟೆ ತೊಟ್ಟರೆ ಕರಾಟೆ ಮಾಸ್ಟರ್. ಬೆಟ್ಟದ ಬುಡದ ಶಾಲೆಯ ಮೈದಾನದಲ್ಲಿ ಹತ್ತೊಂಬತ್ತು ವರ್ಷದಿಂದ ಮಕ್ಕಳಿಗೆ ಗುದ್ದುವುದು, ಒದೆಯುವುದು, ತಪ್ಪಿಸಿಕೊಳ್ಳುವುದು ಈ ಮೂರನ್ನು ಕಲಿಸುತ್ತಿದ್ದೇನೆ. ಕರಾಟೆ ಮಾಸ್ಟರೆಂದರೆ ದಿನವಿಡೀ ಇಟ್ಟಿಗೆ ಒಡೆಯುತ್ತಾನೆ ಎಂದು ಊರಿನವರು ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ವಾರಕ್ಕೆ ನಾನು ಕೈಕಾಲು ಆಡಿಸುವುದು ಒಂದು ಗಂಟೆ ಇರಬಹುದು. ಉಳಿದದ್ದೆಲ್ಲ ಮಕ್ಕಳ ಅಪ್ಪ, ಅಮ್ಮ, ಅಜ್ಜಿ, ಸೋದರಮಾವಂದಿರ ಜೊತೆ ಮಾತು. ಒದೆಯುವುದನ್ನು ಹನ್ನೊಂದು ವರ್ಷ ಬೆವರು ಸುರಿಸಿ ಕಲಿತೆ. ಮಾತಾಡುವುದನ್ನು ಯಾರೂ ಕಲಿಸಲಿಲ್ಲ, ಬರುತ್ತದೆ ಎಂದು ನಾನೇ ನಂಬಿಕೊಂಡಿದ್ದೆ.

ಮೊದಮೊದಲು ನೋಟೀಸು ಹಂಚುತ್ತಿದ್ದೆ. ಸ್ವಂತ ಜೆರಾಕ್ಸ್ ಮಿಷನ್ನು ಇದ್ದವನಿಗೆ ಬರೆಯುವ ಚಪಲ ಬೇಗ ಹತ್ತುತ್ತದೆ. 'ಪೋಷಕ ಬಂಧುಗಳೇ, ತಮ್ಮ ಸುಪುತ್ರ ಸುಪುತ್ರಿಯರ ಸರ್ವಾಂಗೀಣ ವಿಕಸನದ ಸದುದ್ದೇಶದಿಂದ ಭಾನುವಾರದ ತರಗತಿಯನ್ನು ಪ್ರಾತಃಕಾಲ ಆರು ಗಂಟೆಗೆ ಹಮ್ಮಿಕೊಳ್ಳಲಾಗಿದೆ' ಎಂದು ಬರೆದು, ಒಮ್ಮೆ ಗಟ್ಟಿಯಾಗಿ ಓದಿ, ನನ್ನ ಕನ್ನಡಕ್ಕೆ ನಾನೇ ತಲೆದೂಗಿ ಅರವತ್ತು ಪ್ರತಿ ಹಂಚಿದೆ. ಭಾನುವಾರ ಪ್ರಾತಃಕಾಲ ಮೈದಾನದಲ್ಲಿ ನಾನು ಮತ್ತು ಎರಡು ನಾಯಿಗಳು. ಸರ್ವಾಂಗೀಣ ವಿಕಸನಕ್ಕೆ ಬಂದವು ಅವೇ. ಮರುದಿನ ಸ್ಟ್ಯಾಂಡಿನಲ್ಲಿ ಹುರಿದ ಕಡಲೆಕಾಯಿ ತೆಗೆದುಕೊಂಡರೆ ಪೊಟ್ಟಣದ ಮೇಲೆ 'ಸುಪುತ್ರಿಯರ' ಎಂಬ ಪದ ಬಿಸಿಬಿಸಿಯಾಗಿ ಕಂಡಿತು. ಕಡಲೆಕಾಯಿ ಚೆನ್ನಾಗಿತ್ತು.

ಆಮೇಲೆ ವಾಟ್ಸಾಪ್ ಗ್ರೂಪು ಬಂತು. ಬರೆದದ್ದನ್ನು ಅಲ್ಲಿಯೂ ಯಾರೂ ಓದುವುದಿಲ್ಲ, ಆದರೆ ಎಲ್ಲರೂ ಮಾತಾಡಿ ಕಳಿಸುತ್ತಾರೆ. ಪಾವಗಡದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಒಬ್ಬ ಅಪ್ಪ ಪ್ರತಿ ಸೋಮವಾರ, "ಮಾವಾಡಿಕಿ ಜರಮು ಸಾರ್, ಈ ಪೊದ್ದು ರಾಡು, ನಾಳೆ ಗ್ಯಾರಂಟಿ ಕಳಿಸ್ತೀನಿ" ಎಂದು ಮಗನಿಗೆ ಇಲ್ಲದ ಜ್ವರ ತರಿಸಿ, ತೆಲುಗು ಕನ್ನಡ ಎರಡು ಭಾಷೆಯಲ್ಲೂ ಸಮಾನವಾಗಿ ಸುಳ್ಳು ಹೇಳುತ್ತಾನೆ. ಗುದ್ದುವಾಗ ಹೊಟ್ಟೆಯಾಳದಿಂದ ಕೂಗು ಹೊರಡಬೇಕು ಎಂದು ನಾವು ಕಲಿಸುತ್ತೇವಲ್ಲ, ಅದರ ಬಗ್ಗೆ ಒಬ್ಬ ತಾಯಿಯ ದೂರು: "ಸಾರ್, ಒಸಿ ಮೆಲ್ಲಗೆ ಕೂಗೋದು ಕಲ್ಸಿ ಸಾರ್. ಕೊಟ್ಗೆ ಬಾಗ್ಲಾಗೆ ನಿಂತ್ಕಂಡು ಕೂಗ್ಬುಟ್ಟ. ಹಾಲು ಕರೀತಿದ್ದೆ, ಎಮ್ಮೆ ಝಾಡ್ಸಿ ಒದ್ಬುಡ್ತು!" ಆ ಎಮ್ಮೆಯ ಒದೆ ನನ್ನ ಶಿಷ್ಯನದಕ್ಕಿಂತ ಚೆನ್ನಾಗಿಯೇ ಇದ್ದಿರಬೇಕು. ನಾನು ಮಾತ್ರ 'ಕ್ಷಮಿಸಿ ತಾಯಿ' ಎಂದು ಕೈಮುಗಿದ ಚಿತ್ರ ಹಾಕಿದೆ.

ಭೂಮಿಕಾ ಬಂದದ್ದು ಈ ಗ್ರೂಪಿನ ಕಾಲದಲ್ಲಿ. ಮಿಡಿಗೇಶಿ ದಾರಿಯ ಒಂದು ಹಟ್ಟಿಯ ಹುಡುಗಿ, ಹನ್ನೆರಡು ವರ್ಷ. ಅಪ್ಪ ಅಮ್ಮ ಕುರಿಮಂದೆ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಮನೆಗೆ ಬರುವುದಿಲ್ಲ. ಅವಳು ಬೆಳೆಯುತ್ತಿದ್ದುದು ಅಜ್ಜಿ ಕರಿಯಮ್ಮನ ಹತ್ತಿರ. ಅಜ್ಜಿಯೇ ಅವಳನ್ನು ಕೈಹಿಡಿದು ಕರೆತಂದು ನನ್ನೆದುರು ನಿಲ್ಲಿಸಿದಳು.

"ಕುರಿ ಹಿಂದೆ ಒಬ್ಳೇ ಓಡಾಡೋ ಮಗ ಕಣಪ್ಪ. ತೋಳ ಬತ್ತವೆ, ಕುಡುಕ್ರು ಬತ್ತಾರೆ. ಎಲ್ಡಕ್ಕೂ ಆಗಂಗೆ ಕಲ್ಸು."

ಇಷ್ಟು ಸ್ಪಷ್ಟವಾದ ಪಠ್ಯಕ್ರಮವನ್ನು ನನಗೆ ಯಾವ ಪೋಷಕರೂ ಕೊಟ್ಟಿರಲಿಲ್ಲ. ವಾರಕ್ಕೆ ಮೂರು ಸಂಜೆ ಅಜ್ಜಿ ಮೊಮ್ಮಗಳು ಬಸ್ಸಿನಲ್ಲಿ ಬರುತ್ತಿದ್ದರು. ಅಜ್ಜಿ ಶಾಲೆಯ ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತು, ನಡುನಡುವೆ ಮಕ್ಕಳನ್ನೆಲ್ಲ ಎಣಿಸುತ್ತಿದ್ದಳು. ಯಾಕಜ್ಜಿ ಎಂದರೆ, "ಅಭ್ಯಾಸ ಕಣಪ್ಪ, ಒಂದ್ ಕಮ್ಮಿ ಆದ್ರೆ ಗೊತ್ತಾಗ್ಬೇಕಲ್ಲ" ಎನ್ನುತ್ತಿದ್ದಳು.

ಹುಡುಗಿಯ ಬಗ್ಗೆ ಏನು ಹೇಳಲಿ? ನಾನು ಕಲಿಸುವ ಮೊದಲೇ ಅವಳ ಕಾಲಿಗೆ ಅದು ಗೊತ್ತಿತ್ತು. ಬಂಡೆಯಿಂದ ಬಂಡೆಗೆ ನೆಗೆದು ಬೆಳೆದ ಕಾಲು. ಆರು ತಿಂಗಳಲ್ಲಿ ಅವಳು ಮಾಡಿದ್ದನ್ನು ನಾನು ಮೂರು ವರ್ಷದಲ್ಲಿ ಮಾಡಿದ್ದೆ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ: ಹತ್ತೊಂಬತ್ತು ವರ್ಷದಲ್ಲಿ ಬಂದ ಮಕ್ಕಳೆಲ್ಲ ಹತ್ತನೇ ತರಗತಿ ಬರುತ್ತಲೇ ಟ್ಯೂಷನ್ನಿಗೆ ಹೋದರು, ಬೆಲ್ಟುಗಳು ಪೈಜಾಮದ ಲಾಡಿಯಾದವು. ಇವಳೊಬ್ಬಳು ನಿಂತರೆ ಸಾಕು, ನಾನು ಸಂಜೆಗಳನ್ನು ಸುಮ್ಮನೆ ಕಳೆಯಲಿಲ್ಲ ಎಂದಾಗುತ್ತದೆ ಎಂದು ಒಳಗೊಳಗೇ ಆಸೆ ಹುಟ್ಟಿತ್ತು.

ಆ ಆಸೆಯಲ್ಲೇ ಒಂದು ಸಂಜೆ ವಿಡಿಯೋ ತೆಗೆದೆ. ತನ್ನ ತಲೆಗಿಂತ ಗೇಣುದ್ದ ಮೇಲೆ ಹಿಡಿದಿದ್ದ ಪ್ಯಾಡಿಗೆ ಹುಡುಗಿ ಒದೆಯುತ್ತಾಳೆ, ಪ್ಯಾಡು ಹಿಡಿದವನು ಎರಡು ಹೆಜ್ಜೆ ಹಿಂದೆ ಹೋಗುತ್ತಾನೆ, ಹಿಂದಿನಿಂದ 'ಶಭಾಷ್!' ಎಂದು ನನ್ನ ದನಿ ಒಡೆಯುತ್ತದೆ. ಅದನ್ನು ಗ್ರೂಪಿಗೆ ಹಾಕಿ ಕೆಳಗೆ, 'ನಮ್ಮ ತರಗತಿಯ ಹೆಮ್ಮೆ ಕುಮಾರಿ ಭೂಮಿಕಾ. ನಾಡಿಗೇ ಕೀರ್ತಿ ತರಲಿರುವ ಪ್ರತಿಭೆ' ಎಂದು ಬರೆದೆ. ಹೆಬ್ಬೆರಳುಗಳ ಸುರಿಮಳೆಯಾಯಿತು. ಪಾವಗಡದ ರಾಯಚರ್ಲು ಕಡೆ ಸೋಲಾರ್ ಪ್ಲೇಟುಗಳ ಸಾಲಿನಲ್ಲಿ ಕುರಿ ಮೇಯಿಸುತ್ತಿದ್ದ ಅವಳ ಅಪ್ಪ, ಅಷ್ಟು ಕರೆಂಟಿನ ನಡುವೆಯೂ ಚಾರ್ಜಿಗಾಗಿ ಮೂರು ಮೈಲಿ ನಡೆದು ಟೀ ಅಂಗಡಿಗೆ ಬಂದವನು, ವಿಡಿಯೋವನ್ನು ಅಲ್ಲಿದ್ದವರಿಗೆಲ್ಲ ತೋರಿಸಿ, ಸ್ಟೇಟಸ್ಸಿಗೂ ಹಾಕಿಕೊಂಡನಂತೆ. ಆಹಾ, ಪೋಷಕರ ಜೊತೆ ಮಾತಾಡುವುದು ಕೊನೆಗೂ ನನಗೆ ಒಲಿಯಿತು ಎಂದುಕೊಂಡೆ.

ಸೋಮವಾರ ಭೂಮಿಕಾ ಬರಲಿಲ್ಲ. ಬುಧವಾರವೂ ಇಲ್ಲ. ಶುಕ್ರವಾರ ಅಪ್ಪನಿಗೆ ಫೋನು ಮಾಡಿದರೆ ಕುರಿಗಳ ಸದ್ದಿನ ನಡುವೆ, "ಜರ ಸಾರ್ ಮಗೀಗೆ. ಇನ್ಮ್ಯಾಕೆ ಕಳ್ಸಕ್ಕಿಲ್ಲ ಅಂತಾವ್ಳೆ ಅವ್ವ. ನನ್ ಮಾತೆಲ್ಲಿ ಕೇಳ್ತಾಳೆ, ನೀವೇ ಹೋಗಿ ಒಂದ್ಮಾತು ಆಡಿ" ಎಂದ. ಹತ್ತು ದಿನದಲ್ಲಿ ಬೆಲ್ಟ್ ಟೆಸ್ಟು. ಗಾಡಿ ಹತ್ತಿ ಹಟ್ಟಿಗೆ ಹೊರಟೆ.

ಅಜ್ಜಿ ಜಗಲಿಯ ಮೇಲೆ ಕಾಲು ನೀಡಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಕೈಯಲ್ಲಿ ಕಬ್ಬಿಣದ ಸಲಾಕೆ. ಬ್ಲ್ಯಾಕ್ ಬೆಲ್ಟು ಇದ್ದರೂ ನಾನು ನಾಲ್ಕು ಅಡಿ ದೂರದಲ್ಲೇ ನಿಂತೆ.

"ಬಾರಪ್ಪ ಬಾ. ಇನ್ನ ಯಾರಿಗಾನ ತೋರ್ಸೋದು ಉಳ್ಕಂಡೈತಾ?"

"ಏನಾಯ್ತಜ್ಜಿ?"

"ಏನಾಯ್ತಾ? ಮಗ ಐದ್ ದಿನದಿಂದ ಹಾಸ್ಗೆ ಬುಟ್ಟು ಎದ್ದಿಲ್ಲ. ಅಲ್ಲ ಕಣಪ್ಪ, ಮಂದೇಲಿ ಒಂದೊಳ್ಳೆ ಮರಿ ಇದ್ರೆ ದಾರೀಲಿ ಹೋಗೋರ್ಗೆಲ್ಲ ಎತ್ತೆತ್ತಿ ತೋರುಸ್ತೀವಾ? ಕಂಬ್ಳಿ ಮುಚ್ಚಿ ಮಡಿಕ್ಕಂತೀವಿ. ನೀನು ಫೋನ್ನಾಗೆ ಹಾಕ್ಬುಟ್ಟು, ಶಭಾಷ್ ಅಂತ ಬ್ಯಾರೆ ಕಿರುಚ್ದೆ. ಎಷ್ಟ್ ಜನದ ಕಣ್ಣು ಬಿತ್ತು ಗೊತ್ತಾ?"

ಇದು ವೈರಸ್ ಜ್ವರ, ಈಗ ಎಲ್ಲ ಊರಲ್ಲೂ ಇದೆ ಎಂದು ವಿಜ್ಞಾನ ಹೇಳಲು ಹೋದೆ.

"ಇರಾಕಿಲ್ವಾ ಮತ್ತೆ? ಎಲ್ಲ ಊರೂ ನೋಡೈತೆ, ಎಲ್ಲ ಊರಾಗೂ ಐತೆ" ಎಂದಳು. ವಿಜ್ಞಾನ ಅಲ್ಲಿಗೇ ಕೂತಿತು. ಸ್ವಲ್ಪ ಹೊತ್ತು ಸಲಾಕೆ ಆಡಿಸಿ, "ನಿನ್ ಹೆಸ್ರೇನಪ್ಪ?" ಎಂದು ಕೇಳಿದಳು.

"ತಿಪ್ಪೇಸ್ವಾಮಿ."

ಅಜ್ಜಿ ಸಲಾಕೆ ಕೆಳಗಿಟ್ಟಳು. "ಯಾಕ್ ಮಡಗಿದ್ರು ಆ ಹೆಸ್ರ?"

ಯಾಕೆಂದರೆ, ನನಗಿಂತ ಮೊದಲು ನಮ್ಮಮ್ಮನಿಗೆ ಹುಟ್ಟಿದ ಎರಡು ಮಕ್ಕಳು ಉಳಿಯಲಿಲ್ಲ. ಮೂರನೆಯವನಾದ ನನ್ನನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟರಂತೆ. ಪಕ್ಕದ ಮನೆಯಾಕೆ ಬಂದು, ಅಯ್ಯೋ ಯಾರಿಗೂ ಬೇಡದ ಕೂಸೊಂದು ಬಿದ್ದಿದೆ ಎಂದು ಎತ್ತಿಕೊಂಡು, ಒಂದು ಸೇರು ತೌಡಿಗೆ ನಮ್ಮಮ್ಮನಿಗೇ ಕೊಟ್ಟಳಂತೆ. ದೇವರ ಕಣ್ಣಿಗೂ ಕಸವಾಗಿ ಕಾಣಲಿ, ಆಗ ಎತ್ತಿಕೊಂಡು ಹೋಗುವುದಿಲ್ಲ ಎಂಬ ಲೆಕ್ಕ. ಹಾಗೆ ಉಳಿದ ಕಸವೇ ಇಂದು ಬೋರ್ಡಿನ ಮೇಲೆ ಜಪಾನಿ ಭಾಷೆಯ ಗುರುವಾಗಿ, 'ಸೆನ್ಸೈ ತಿಪ್ಪೇಸ್ವಾಮಿ' ಎಂದು ಮೆರೆಯುತ್ತಿದೆ. ಅಮ್ಮ ಆ ಲೆಕ್ಕವನ್ನು ಕೊನೆಯವರೆಗೂ ಬಿಡಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ನಾನು ಮೊದಲ ಬಹುಮಾನದ ಕಪ್ಪು ಗೆದ್ದು ತಂದಾಗ ಬೀದಿಯಲ್ಲಿ ನಿಂತು, "ಅದೇನೋ ಡಬ್ಬ ಕೊಟ್ಟವ್ರೆ, ದಂಡಪಿಂಡಕ್ಕೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಒಳಗೆ ತೆಗೆದುಕೊಂಡು ಹೋಗಿ ಅದರಲ್ಲಿ ಕಲ್ಲುಪ್ಪು ತುಂಬಿಟ್ಟಳು. ನಾನು ಊಟ ಬಿಟ್ಟೆ. ಮಗನೇ, ಚೆನ್ನಾಗಿ ಮಾಡಿದೆ ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ, ಅವಳು ಹೋಗುವ ತನಕ. ನಾನು ಕಾದೆ, ಸುಳ್ಳು ಯಾಕೆ ಹೇಳಲಿ. ಅದು ಪ್ರೀತಿಯೇ ಎಂದು ಗೊತ್ತಿತ್ತು, ಗೊತ್ತಿದ್ದರೂ ಕಾದೆ.

ಹೆಸರಿನ ಕತೆ ಕೇಳಿ ಕರಿಯಮ್ಮಜ್ಜಿ, "ನಿಮ್ಮವ್ವಂಗಿದ್ದ ಬುದ್ಧಿ ನಿಂಗಿಲ್ವಲ್ಲಪ್ಪ" ಎಂದಳು. ಮಾತು ಮೆತ್ತಗಾಗಿತ್ತು. ಅಲ್ಲೇ ಜಗಲಿಯ ಮೇಲೆ ಒಪ್ಪಂದವಾಯಿತು. ಒಂದು, ವಿಡಿಯೋ ಅಳಿಸುವುದು. ಎರಡು, ಬಿದ್ದ ಕಣ್ಣುಗಳನ್ನೆಲ್ಲ ಕೀಳುವುದಕ್ಕೆ ಅದೇ ಗ್ರೂಪಿನಲ್ಲಿ ಹುಡುಗಿಯನ್ನು ತೆಗಳುವುದು, ಇನ್ನು ಮೇಲೆ ಎಂದೂ ಹೊಗಳದಿರುವುದು. ಅಜ್ಜಿಯ ಎದುರಿಗೇ ಫೋನನ್ನು ಬಾಯಿಯ ಹತ್ತಿರ ಹಿಡಿದು, "ಪೋಷಕರೇ, ಮೊನ್ನೆ ಹಾಕಿದ್ದು ತಪ್ಪಾಯಿತು. ಭೂಮಿಕಾಳ ಕಾಲು ಅಷ್ಟೇನೂ ಸರಿಯಿಲ್ಲ" ಎಂದೆ.

"ಸಾಲ್ದು" ಎಂದಳು ಅಜ್ಜಿ. "ಸೋಮಾರಿ ಅನ್ನು."

"ಹುಡುಗಿ ಸೋಮಾರಿ."

"ಉಣ್ಣಾದ್ರಾಗೆ ಮಾತ್ರ ಮುಂದು ಅನ್ನು."

ಅದನ್ನೂ ಅಂದೆ. ಅಜ್ಜಿ ಒಂದು ಹಿಡಿ ಹುಣಸೆಹಣ್ಣು ಪೊಟ್ಟಣ ಕಟ್ಟಿ ಕೊಟ್ಟಳು. ಒಳಗೆ ಜ್ವರದಲ್ಲಿ ಮಲಗಿದ್ದ ಹುಡುಗಿಗೆ ನಿದ್ದೆ. ಸೋಮವಾರ ಅಜ್ಜಿ ಮೊಮ್ಮಗಳು ಮೈದಾನಕ್ಕೆ ಬಂದರು, ಮುಂದಿನ ವಾರ ಬೆಲ್ಟ್ ಟೆಸ್ಟು ಆಯಿತು, ಹಸಿರು ಬೆಲ್ಟು ಅವಳ ಸೊಂಟಕ್ಕೆ ಕಟ್ಟುತ್ತ ನಾನು, "ಏನೋ ಪರವಾಗಿಲ್ಲ" ಎಂದೆ. ಕಟ್ಟೆಯ ಮೇಲಿಂದ ಅಜ್ಜಿ ನನ್ನನ್ನು ಪಾಸು ಮಾಡಿದವರ ಹಾಗೆ ತಲೆಯಾಡಿಸಿದಳು.

ಈ ವಿದ್ಯೆ ನನಗೆ ಹೇಗೆ ಒಗ್ಗಿತೆಂದರೆ ನನಗೇ ಆಶ್ಚರ್ಯವಾಯಿತು. ತರಗತಿ ಮುಗಿದ ಮೇಲೆ ಎಲ್ಲರೆದುರು ಭೂಮಿಕಾಳ ಒಂದು ತಪ್ಪು ಹೇಳದೆ ಕಳಿಸುತ್ತಿರಲಿಲ್ಲ. ತಪ್ಪು ಸಿಗದ ದಿನ ಹುಡುಕುತ್ತಿದ್ದೆ, ಹುಡುಕಿದರೂ ಸಿಗದಿದ್ದರೆ ಜಡೆ ಸರಿಯಾಗಿ ಹಾಕಿಲ್ಲ ಎನ್ನುತ್ತಿದ್ದೆ. ನಮ್ಮ ಜನ ದಡ್ಡರಲ್ಲ. ಮಾಸ್ಟರು ಬೈಯುವ ಹುಡುಗಿಯೇ ಎಲ್ಲರಿಗಿಂತ ಮುಂದಿದ್ದಾಳೆ ಎಂಬುದನ್ನು ಎರಡು ತಿಂಗಳಲ್ಲಿ ಪತ್ತೆ ಹಚ್ಚಿದರು. ಶಿರಾದಿಂದ ಮದುವೆಯಾಗಿ ಬಂದ ಒಬ್ಬ ತಾಯಿ ಅಂಗಡಿಗೇ ಬಂದು, "ಹಮಾರೆ ಬಚ್ಚೇಕು ಭೀ ಥೋಡಾ ಡಾಂಟೋ ಮಾಸ್ಟರ್, ನಮ್ಮೋನ್ನ ನೀವು ಬಯ್ಯೋದೇ ಇಲ್ಲ" ಎಂದು ಬೇಸರ ಮಾಡಿಕೊಂಡರು. ಅವರ ಮಗನನ್ನು ವಾರಕ್ಕೆರಡು ಸಲ ಬೈಯುವುದಾಗಿ ಒಪ್ಪಿಕೊಂಡೆ. ಕರಾಟೆ ಶಾಲೆಯಲ್ಲಿ ಬೈಗುಳಕ್ಕೂ ಸರದಿ ಬಂತು ನೋಡಿ. ಮಕ್ಕಳ ಮನೆಯವರ ಭಾಷೆ ಕಲಿತುಬಿಟ್ಟೆ ಎಂಬ ಹೆಮ್ಮೆಯಲ್ಲಿ ಎಂಟು ತಿಂಗಳು ಕಳೆದೆ.

ಆ ಎಂಟು ತಿಂಗಳಲ್ಲಿ ಒಂದು ಸಣ್ಣ ಬದಲಾವಣೆ ಆಗಿತ್ತು. ಎಮ್ಮೆ ಬೆಚ್ಚುವಂತಿದ್ದ ಹುಡುಗಿಯ ಕೂಗು ಇಳಿದು ಇಳಿದು ಗಂಟಲಿನಲ್ಲೇ ಉಳಿಯತೊಡಗಿತ್ತು. ಒದ್ದ ಮೇಲೆ ಮೊದಲೆಲ್ಲ ನನ್ನ ಮುಖ ನೋಡುತ್ತಿದ್ದವಳು ಈಗ ನೆಲ ನೋಡುತ್ತಿದ್ದಳು. ಇದನ್ನೆಲ್ಲ ನಾನು ನೋಡಿದ್ದೆ. ವಿನಯ ಬಂದಿದೆ ಎಂದು ತಿಳಿದುಕೊಂಡೆ.

ತುಮಕೂರಿನಲ್ಲಿ ಜಿಲ್ಲಾ ಆಯ್ಕೆ ಎಂದು ಗೊತ್ತಾದ ವಾರ ಪಟ್ಟಿಯಲ್ಲಿ ಅವಳ ಹೆಸರನ್ನೇ ಮೊದಲು ಬರೆದೆ. ಅದರ ಮಾರನೆಯ ಸಂಜೆ, ತರಗತಿ ಮುಗಿದು, ಮಿಡಿಗೇಶಿ ಮೇಲೆ ಹೋಗುವ ಪಾವಗಡದ ಬಸ್ಸು ಕಾಯುತ್ತ ಅಜ್ಜಿ ಮೊಮ್ಮಗಳು ನನ್ನ ಅಂಗಡಿಯ ಮುಂದೆ ನಿಂತಿದ್ದರು. ಹುಡುಗಿ ಹತ್ತಿರ ಬಂದು ನಾಲ್ಕಾಗಿ ಮಡಿಸಿದ ಹಾಳೆಯೊಂದನ್ನು ಎರಡೂ ಕೈಯಿಂದ ಕೊಟ್ಟಳು. ರಜಾ ಚೀಟಿ. ನನ್ನ ಮಕ್ಕಳ ರಜಾ ಚೀಟಿಗಳ ಬಗ್ಗೆ ನಿಮಗೆ ಹೇಳಲೇ ಇಲ್ಲ. 'ನಮ್ಮ ಮನೆಯಲ್ಲಿ ಕುರಿ ಈದಿರುವುದರಿಂದ', 'ನಮ್ಮ ಮಾವನಿಗೆ ಹೆಣ್ಣು ನೋಡಲು ಹೋಗಬೇಕಾಗಿರುವುದರಿಂದ', ಹೀಗೆ ಬರುತ್ತವೆ, ಓದಿ ನಕ್ಕು ಜೇಬಿಗಿಡುತ್ತೇನೆ. ಇದನ್ನೂ ನಗಲು ಸಿದ್ಧನಾಗಿಯೇ ಬಿಡಿಸಿದೆ.

'ಕರಾಟೆ ಮಾಸ್ಟರ್ ಅವರಿಗೆ, ಮಾನ್ಯರೇ, ವಿಷಯ: ರಜೆ ಕೋರಿ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನನಗೆ ಕರಾಟೆ ಬರುವುದಿಲ್ಲವಾದ್ದರಿಂದ ನಾಳೆಯಿಂದ ಯಾವಾಗಲೂ ರಜೆ ನೀಡಬೇಕಾಗಿ ತಮ್ಮಲ್ಲಿ ವಿನಂತಿ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ, ಭೂಮಿಕಾ.'

ಮೇಲಿಂದ ಕೆಳಗೆ ಎರಡು ಸಲ ಓದಿದೆ. ಒಂದು ತಪ್ಪಿರಲಿಲ್ಲ.

"ಏನಂತಪ್ಪ ಅದು, ಓದು" ಎಂದಳು ಅಜ್ಜಿ. ಓದಿದೆ. ಅಜ್ಜಿಯ ಬಾಯಿಯಲ್ಲಿ ಎಲೆಯಡಿಕೆ ನಿಂತುಹೋಯಿತು.

"ಯಾವಳೇ ಹೇಳಿದ್ದು ನಿಂಗೆ ಬರಾಕಿಲ್ಲ ಅಂತ?"

"ಸಾರೇ ಹೇಳ್ತಾರಲ್ಲಜ್ಜಿ, ದಿನಾ" ಎಂದಳು ಹುಡುಗಿ. ದೂರಿನ ದನಿಯಲ್ಲ, ವರದಿಯ ದನಿ. "ನೀನೂ ಹೂಂ ಅಂತ ತಲೆ ಆಡುಸ್ತೀಯ. ತುಮಕೂರ್ಗೆ ಹೋಗಿ ಸೋತು ಬಂದ್ರೆ ಸಾರ್‌ಗೆ ಅವಮಾನ ಆಯ್ತದೆ."

ಆಗ ಹೊಳೆಯಿತು. ಹಟ್ಟಿಯ ಜಗಲಿಯ ಮೇಲಿನ ಒಪ್ಪಂದ ನನ್ನ ಮತ್ತು ಅಜ್ಜಿಯ ನಡುವೆ ಆದದ್ದು. ಯಾರ ಬಗ್ಗೆ ಒಪ್ಪಂದವೋ ಅವಳು ಒಳಗೆ ಮಲಗಿದ್ದಳು. ಎದ್ದ ಮೇಲೆ ಅವಳಿಗೆ ಹೇಳಬೇಕೆಂದು ನನಗೆ ನೆನಪಾಗಲಿಲ್ಲ, ಅಜ್ಜಿಗೂ ಆಗಲಿಲ್ಲ. ಅಪ್ಪನಿಗೆ ಸುದ್ದಿ ಮುಟ್ಟಿತ್ತು, ಅರವತ್ತು ಮನೆಯವರು ಎರಡೇ ತಿಂಗಳಲ್ಲಿ ಪತ್ತೆ ಹಚ್ಚಿದ್ದರು, ಶಿರಾದ ತಾಯಿಗೆ ಯಾರೂ ಹೇಳದೆ ಅರ್ಥವಾಗಿತ್ತು. ಈ ಒಂದು ಮಗುವಿಗೆ ಮಾತ್ರ, ಎಂಟು ತಿಂಗಳು ನಾನು ಹೇಳಿದ ಪ್ರತಿ ಮಾತೂ ನಿಜವಾಗಿ ತಲುಪಿತ್ತು. ಯಾರೋ ನನ್ನನ್ನೇ ಒದ್ದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ನಾನು ಅಜ್ಜಿಯ ಮುಖ ನೋಡಿದೆ. ಕೊಟ್ಟ ಮಾತು ಮುರಿದು ಈಗ ಬಾಯಿ ಬಿಟ್ಟರೆ, ನಾಳೆ ಹುಡುಗಿಗೆ ಒಂದು ಸೀನು ಬಂದರೂ ಅಜ್ಜಿ ಮತ್ತೆ ಕಳಿಸುವುದಿಲ್ಲ. ಬಾಯಿ ಬಿಡದಿದ್ದರೆ ಹುಡುಗಿಯೇ ಬರುವುದಿಲ್ಲ. ಅಜ್ಜಿಯೂ ಅದನ್ನೇ ಯೋಚಿಸುತ್ತಿದ್ದಳೆಂದು ಕಾಣುತ್ತದೆ, ಮೊಮ್ಮಗಳನ್ನೇ ನೋಡುತ್ತಿದ್ದಳು. ಆಮೇಲೆ ಎಲೆಯಡಿಕೆ ಉಗಿದು ಬಂದು, ಸೆರಗನ್ನು ತಲೆಯ ಮೇಲಿಂದ ಕಿವಿ ಮುಚ್ಚುವಂತೆ ಎಳೆದುಕೊಂಡು, ನಮಗೆ ಬೆನ್ನು ಹಾಕಿ ರಸ್ತೆಯ ಕಡೆ ತಿರುಗಿ ನಿಂತಳು.

"ಈ ಬಸ್ಗಳ ಸದ್ದಿಗೆ ನಂಗೇನೂ ಕೇಳ್ತಾ ಇಲ್ಲ ಕಣಪ್ಪ" ಎಂದಳು. "ಅದೇನ್ ಹೇಳ್ಕಂತೀಯೋ ಬಿರ್ನೆ ಹೇಳ್ಬುಡು."

ಸ್ಟ್ಯಾಂಡಿನಲ್ಲಿ ಆಗ ಒಂದು ಬಸ್ಸೂ ಇರಲಿಲ್ಲ.

ನಾನು ಅಂಗಡಿಯ ಮೆಟ್ಟಿಲ ಮೇಲೆ ಹುಡುಗಿಯ ಎತ್ತರಕ್ಕೆ ಕೂತೆ. ಸರ್ವಾಂಗೀಣ ಎಂಬಂಥ ಪದಗಳೆಲ್ಲ ಆ ಹೊತ್ತಿಗೆ ಎಲ್ಲಿ ಹೋದವೋ. "ಭೂಮಿಕಾ, ನಾನು ಹೇಳಿದ್ದೆಲ್ಲ ಸುಳ್ಳು" ಎಂದೆ. "ನಿನಗೆ ಕಣ್ಣು ಬೀಳಬಾರದು ಅಂತ ಹೇಳಿದ್ದು. ಜಡೆ ಸರಿಯಿಲ್ಲ ಅಂದಿದ್ದೂ ಸುಳ್ಳೇ. ನಿನ್ನಂಥ ಕಾಲು ನಾನು ಇದುವರೆಗೆ ನೋಡಿಲ್ಲ. ನನಗೂ ಅದು ಬರಲ್ಲ. ನೀನು ಒದ್ದಾಗೆಲ್ಲ ನನಗೆ ಶಭಾಷ್ ಅಂತ ಕೂಗೋ ಹಾಗಾಗುತ್ತೆ, ಹಲ್ಲು ಕಚ್ಚಿಕೊಂಡು ಇದೀನಿ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಹಂಗಾದ್ರೆ ಅದನ್ನ ಕೊಡಿ ಸಾರ್" ಎಂದು ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಕೆಗಳ ಮೇಲೇ ಮತ್ತೆ ಮಡಿಸಿ ಬ್ಯಾಗಿಗೆ ಹಾಕಿಕೊಂಡಳು.

ಅಷ್ಟರಲ್ಲಿ, ಏನೂ ಕೇಳಿಸದ ಅಜ್ಜಿ ಸರ್ರನೆ ಇತ್ತ ತಿರುಗಿದಳು. ಸುತ್ತಮುತ್ತ ಒಮ್ಮೆ ಕಣ್ಣು ಹಾಯಿಸಿದಳು. ಎರಡೂ ಅಂಗೈಯಿಂದ ಮೊಮ್ಮಗಳ ಮುಖವನ್ನು ಹಣೆಯಿಂದ ಗಲ್ಲದವರೆಗೆ ಸವರಿ, ಆ ಕೈಗಳನ್ನು ತನ್ನ ಹಣೆಯ ಎರಡು ಪಕ್ಕಕ್ಕೆ ಒತ್ತಿ ನೆಟಿಗೆ ಮುರಿದಳು. ಹತ್ತು ಬೆರಳೂ ಒಟ್ಟಿಗೆ ಲಟಲಟನೆ ಸದ್ದು ಮಾಡಿದವು.